ತರಗತಿ ನಿಯಮಗಳನ್ನು ಮಕ್ಕಳ ಜೊತೆ ಕೂತು ಮಾಡುವುದು, ಕಲಿಸುವುದು, ಉಳಿಸಿಕೊಳ್ಳುವುದು: ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಶಾಲೆ ಶುರುವಾದ ಹೊಸತರಲ್ಲಿ ಯಾವ ತರಗತಿಗೆ ಹೋದರೂ ಗೋಡೆ ಮೇಲೆ ಒಂದು ಚಾರ್ಟ್ ಕಾಣುತ್ತದೆ. "ಶಿಸ್ತು ಕಾಪಾಡಿ", "ಮೌನವಾಗಿರಿ", "ಸ್ವಚ್ಛತೆ ಕಾಪಾಡಿ", "ಗುರುಹಿರಿಯರನ್ನು ಗೌರವಿಸಿ". ಅಕ್ಷರ ಮುದ್ದಾಗಿರುತ್ತದೆ, ಸುತ್ತ ಬಣ್ಣದ ಬಾರ್ಡರ್ ಇರುತ್ತದೆ. ಆದರೆ ಐದನೇ ತರಗತಿ ಹುಡುಗನೊಬ್ಬನನ್ನು ಕರೆದು "ಶಿಸ್ತು ಕಾಪಾಡೋದು ಅಂದ್ರೆ ಈಗ ನೀನು ಏನು ಮಾಡಬೇಕು?" ಅಂತ ಕೇಳಿ ನೋಡಿ. ಕೈಕಟ್ಟಿ ನೆಟ್ಟಗೆ ನಿಲ್ಲುತ್ತಾನೆ, ಅಷ್ಟೇ. ಬೆಲ್ ಹೊಡೆದ ಮೇಲೆ ಏನು ಮಾಡಬೇಕು, ಪೆನ್ಸಿಲ್ ಮುರಿದರೆ ಯಾರನ್ನು ಕೇಳಬೇಕು, ಉತ್ತರ ಗೊತ್ತಿದ್ದರೆ ಹೇಗೆ ಹೇಳಬೇಕು ಅನ್ನುವುದು ಆ ಚಾರ್ಟಿನಲ್ಲಿ ಇಲ್ಲವೇ ಇಲ್ಲ.

ಮಗ್ಗಿಯನ್ನು ನಾವು ಗೋಡೆಗೆ ಅಂಟಿಸಿ ಸುಮ್ಮನಾಗುವುದಿಲ್ಲ. ಹೇಳಿಸುತ್ತೇವೆ, ಬರೆಸುತ್ತೇವೆ, ತಪ್ಪಿದರೆ ಮತ್ತೆ ಹೇಳಿಕೊಡುತ್ತೇವೆ. ನಿಯಮಕ್ಕೂ ಅಷ್ಟೇ ಕೆಲಸ ಬೇಕು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ನಾಲ್ಕರಿಂದ ಎಂಟನೇ ತರಗತಿವರೆಗೆ, ಮೂವತ್ತು ನಲವತ್ತು ಮಕ್ಕಳಿರುವ ನಮ್ಮ ಮಾಮೂಲಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಶುರುವಿಗೂ ಮೊದಲು: ಯಾವುದು ಆಗಲೇಬಾರದು

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ ಆಗುತ್ತದೆ. "ಹೊಡೆಯಬಾರದು" ಅನ್ನುವುದು ಎಲ್ಲರಿಗೂ ಗೊತ್ತು. ಎರಡನೇ ಭಾಗ ಮಾತ್ರ ಮರೆತುಹೋಗುತ್ತದೆ. ಬಸ್ಕಿ ಹೊಡೆಸುವುದು, ಬೆಂಚ್ ಮೇಲೆ ನಿಲ್ಲಿಸುವುದು, ಮಂಡಿಯೂರಿ ಕೂರಿಸುವುದು ದೇಹಕ್ಕೆ ಕೊಡುವ ಶಿಕ್ಷೆ. ಎಲ್ಲರೆದುರು "ದಡ್ಡ" ಅನ್ನುವುದು, ಅಪ್ಪ ಅಮ್ಮನ ಕೆಲಸ ಎತ್ತಿ ಆಡುವುದು, ಜಾತಿ ಹಿಡಿದು ಮಾತಾಡುವುದು ಮನಸ್ಸಿಗೆ ಕೊಡುವ ಶಿಕ್ಷೆ. ಎರಡೂ ಬೇಡ. ಶೌಚಾಲಯ ತೊಳೆಸುವುದಂತೂ ಯಾವ ಕಾರಣಕ್ಕೂ ಬೇಡ.

"ಕೋಲು ಇಲ್ಲದೆ ಇವರು ಮಾತು ಕೇಳ್ತಾರಾ?" ಅಂತ ಕೇಳುವವರು ಈಗಲೂ ಇದ್ದಾರೆ. ಕೋಲಿಗೆ ಹೆದರುವ ಮಗು ಕೋಲು ಹಿಡಿದವರು ಇರುವಷ್ಟು ಹೊತ್ತು ಮಾತ್ರ ಸುಮ್ಮನಿರುತ್ತದೆ. ನೀವು ಮುಖ್ಯ ಶಿಕ್ಷಕರ ಕೊಠಡಿಗೆ ಹೋಗಿ ಐದು ನಿಮಿಷ ಬಿಟ್ಟು ಬನ್ನಿ, ಗೊತ್ತಾಗುತ್ತದೆ.

ಹಂತ 1: ಮೊದಲ ಕೆಲವು ದಿನ ಸುಮ್ನೆ ನೋಡಿ

ನಿಯಮ ಬರೆಯುವ ಮುಂಚೆ ಗಲಾಟೆ ಎಲ್ಲಿ ಹುಟ್ಟುತ್ತದೆ ಅಂತ ನೋಡಿ. ಪಾಠ ನಡೆಯುವಾಗ ಹುಟ್ಟುವುದು ಕಡಿಮೆ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಜಾಸ್ತಿ. ಪ್ರಾರ್ಥನೆ ಮುಗಿಸಿ ಒಳಗೆ ಬರುವಾಗ, ಒಂದು ಪೀರಿಯಡ್ ಮುಗಿದು ಮುಂದಿನ ಶಿಕ್ಷಕರು ಬರುವ ತನಕ, ನೋಟ್‌ಬುಕ್ ತಿದ್ದಿಸಿಕೊಳ್ಳಲು ಮೇಜಿನ ಸುತ್ತ ಮುತ್ತಿಕೊಂಡಾಗ, ಬಿಸಿಯೂಟದ ಬೆಲ್ಲಿಗೆ ಇನ್ನು ಹತ್ತು ನಿಮಿಷ ಇರುವಾಗ.

ಒಂದು ಹಾಳೆಯಲ್ಲಿ ಇವನ್ನು ಗುರುತು ಹಾಕಿಕೊಳ್ಳಿ. ಯಾರು ಅಂತ ಬರೆಯಬೇಡಿ, ಯಾವಾಗ ಮತ್ತು ಎಲ್ಲಿ ಅಂತ ಬರೆಯಿರಿ. ಎಷ್ಟೋ ಸಲ ನಿಯಮವೇ ಬೇಕಾಗುವುದಿಲ್ಲ. ಕಸದ ಬುಟ್ಟಿ ಬಾಗಿಲ ಪಕ್ಕ ಇದ್ದರೆ ಪೆನ್ಸಿಲ್ ಕೆರೆಯುವ ಮಕ್ಕಳೆಲ್ಲ ಅಲ್ಲೇ ಸೇರುತ್ತಾರೆ. ಬುಟ್ಟಿ ಹಿಂದಕ್ಕೆ ಸರಿಸಿದರೆ ಮುಗಿಯಿತು.

ನಾಲ್ಕನೇ ತರಗತಿಯ ಶಿಕ್ಷಕರು ಇನ್ನೂ ಸ್ವಲ್ಪ ಜಾಸ್ತಿ ಗಮನ ಕೊಡಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರರವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ಗುಂಪಿನಲ್ಲಿ ಕೂರುತ್ತದೆ, ತಾನೇ ಎದ್ದು ಹೋಗಿ ಕಾರ್ಡ್ ತರುತ್ತದೆ, ಪಕ್ಕದವರ ಜೊತೆ ಮಾತಾಡಿಕೊಂಡೇ ಕಲಿಯುತ್ತದೆ. ಒಂದು ಬೇಸಿಗೆ ರಜೆ ಕಳೆದು ಬಂದರೆ ಅದೇ ಮಗು ಕರಿಹಲಗೆ ಕಡೆ ಮುಖ ಮಾಡಿ ಇಡೀ ಪೀರಿಯಡ್ ಕೂರಬೇಕು. ಎದ್ದು ಓಡಾಡಿದರೆ "ಶಿಸ್ತಿಲ್ಲ" ಅಂತ ಬೈಸಿಕೊಳ್ಳುತ್ತದೆ. ಪಾಪ, ಅದು ಅಶಿಸ್ತಲ್ಲ. ನಾವೇ ಮೂರು ವರ್ಷ ಕಲಿಸಿದ ರೂಢಿ. ಹಾಗಾಗಿ ಜೂನ್ ಪೂರ್ತಿ ಗುಂಪಿನಲ್ಲಿ ಕೂರಿಸುವ ಪೀರಿಯಡ್‌ಗಳನ್ನು ಒಂದೆರಡು ಉಳಿಸಿಕೊಳ್ಳಿ. ಸಾಲಿನಲ್ಲಿ ಕೂರುವುದನ್ನು ನಿಧಾನಕ್ಕೆ ಜಾಸ್ತಿ ಮಾಡಿ.

ಹಂತ 2: ಮಕ್ಕಳನ್ನು ಕೇಳಿ

ಇದಕ್ಕೆ ಒಂದು ಪೂರ್ತಿ ಪೀರಿಯಡ್ ಇಡಿ. ಸೇತುಬಂಧ (ವರ್ಷದ ಶುರುವಿನಲ್ಲಿ ಹಿಂದಿನ ತರಗತಿಯ ಕಲಿಕೆ ನೆನಪಿಸುವ ಕಾರ್ಯಕ್ರಮ) ನಡೆಯುವ ದಿನಗಳಲ್ಲಿ ಮಾಡಿದರೆ ಪಾಠಕ್ಕೂ ಅಡ್ಡಿಯಾಗುವುದಿಲ್ಲ. ಕರಿಹಲಗೆ ಮೇಲೆ ಎರಡೇ ಪ್ರಶ್ನೆ ಬರೆಯಿರಿ:

ತರಗತಿಯಲ್ಲಿ ನನಗೆ ಯಾವಾಗ ಬೇಜಾರಾಗುತ್ತದೆ?
ಚೆನ್ನಾಗಿ ಕಲಿಯಬೇಕಾದರೆ ಬೇರೆಯವರು ಏನು ಮಾಡಿದರೆ ನನಗೆ ಸಹಾಯ?

ಚೀಟಿಯಲ್ಲಿ ಬರೆಸಿ, ಹೆಸರು ಹಾಕಿಸಬೇಡಿ. ಬರೆಯಲು ಕಷ್ಟಪಡುವ ಮಕ್ಕಳು ಪಕ್ಕಕ್ಕೆ ಬಂದು ನಿಮಗೆ ಹೇಳಲಿ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಮಾತಾಡುವವರು ತಮ್ಮ ಮಾತಿನಲ್ಲೇ ಹೇಳಲಿ, ಇನ್ನೊಬ್ಬ ಮಗು ಕನ್ನಡದಲ್ಲಿ ತಿಳಿಸಲಿ.

ಚೀಟಿ ಬಿಚ್ಚಿದರೆ ನಮ್ಮ ಚಾರ್ಟಿನಲ್ಲಿ ಯಾವತ್ತೂ ಇಲ್ಲದ ವಿಷಯಗಳು ಸಿಗುತ್ತವೆ. "ನಾನು ತಪ್ಪು ಉತ್ತರ ಹೇಳಿದ್ರೆ ಎಲ್ಲಾ ನಗ್ತಾರೆ." "ಅಡ್ಡಹೆಸರು ಇಟ್ಟು ಕರೀತಾರೆ." "ಹೇಳದೆ ರಬ್ಬರ್ ತಗೋತಾರೆ." "ಲಾಸ್ಟ್ ಬೆಂಚಿಗೆ ಬೋರ್ಡ್ ಕಾಣಲ್ಲ." ಕೊನೆಯದಕ್ಕೆ ನಿಯಮ ಬೇಡ, ಜಾಗ ಬದಲಿಸಿದರೆ ಸಾಕು. ಮೊದಲನೆಯದಕ್ಕೆ ಖಂಡಿತ ನಿಯಮ ಬೇಕು.

ಒಂದು ವಿಷಯಕ್ಕೆ ತಯಾರಾಗಿರಿ. ಏನು ನಿಯಮ ಇರಬೇಕು ಅಂತ ಕೇಳಿದರೆ ಮಕ್ಕಳು ನಮಗಿಂತ ಕಠಿಣವಾಗಿ ಹೇಳುತ್ತಾರೆ. "ಮಾತಾಡಿದ್ರೆ ಹತ್ತು ರೂಪಾಯಿ ಫೈನ್ ಹಾಕಿ ಮಿಸ್", "ಹೊರಗೆ ನಿಲ್ಸಿ ಸಾರ್". ಅವರು ಕಂಡಿರುವುದೇ ಅದು. ಬೈಯಬೇಡಿ. "ಹತ್ತು ರೂಪಾಯಿ ಯಾರು ಕೊಡಬೇಕಾಗುತ್ತೆ? ಅವನಾ, ಅವನ ಅಮ್ಮನಾ?" ಅಂತ ಕೇಳಿ. "ಹೊರಗೆ ನಿಂತವನಿಗೆ ಆ ದಿನದ ಲೆಕ್ಕ ಯಾರು ಹೇಳಿಕೊಡ್ತಾರೆ?" ಅಂತ ಕೇಳಿ. ಸ್ವಲ್ಪ ಹೊತ್ತು ಬಿಟ್ಟು ಅವರೇ ಬೇರೆ ದಾರಿ ಹೇಳುತ್ತಾರೆ.

ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು ಅನ್ನುವುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ. ಭಾರತ 1992ರಲ್ಲೇ ಅದನ್ನು ಒಪ್ಪಿಕೊಂಡಿದೆ. ಹಾಗಾಗಿ ಇದು ನಾವು ಮಕ್ಕಳಿಗೆ ಮಾಡುವ ಉಪಕಾರ ಅಂದುಕೊಳ್ಳಬೇಕಿಲ್ಲ.

ಹಂತ 3: ಐದಕ್ಕೆ ಇಳಿಸಿ

ಚೀಟಿಗಳಲ್ಲಿ ಇಪ್ಪತ್ತು ಮೂವತ್ತು ವಿಷಯ ಬರಬಹುದು. ಒಂದೇ ತರಹದವನ್ನು ಸೇರಿಸಿ ಐದಕ್ಕೆ ತನ್ನಿ. ಹತ್ತು ನಿಯಮ ಇದ್ದರೆ ಮಕ್ಕಳಿಗೂ ನೆನಪಿರುವುದಿಲ್ಲ, ನಿಮಗೂ ನೆನಪಿರುವುದಿಲ್ಲ.

ಬರೆಯುವಾಗ ಎರಡು ವಿಷಯ ನೋಡಿಕೊಳ್ಳಿ. ಏನು ಮಾಡಬಾರದು ಅನ್ನುವುದಕ್ಕಿಂತ ಏನು ಮಾಡಬೇಕು ಅಂತ ಬರೆಯಿರಿ. ಮತ್ತೆ, ಆ ಕೆಲಸ ಕಣ್ಣಿಗೆ ಕಾಣುವಂತಿರಬೇಕು. "ಗೌರವ ಕೊಡಿ" ಕಾಣುವುದಿಲ್ಲ. "ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತೇವೆ" ಕಾಣುತ್ತದೆ. ಒಂದು ಮಾದರಿ ಕೊಡುತ್ತೇನೆ. ಇದನ್ನೇ ನಕಲು ಮಾಡಬೇಡಿ, ನಿಮ್ಮ ಮಕ್ಕಳ ಮಾತಿನಲ್ಲಿ ಬರಲಿ.

1. ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತೇವೆ.
2. ಉತ್ತರ ತಪ್ಪಾದರೆ ನಗುವುದಿಲ್ಲ, ಸಹಾಯ ಮಾಡುತ್ತೇವೆ.
3. ಬೇರೆಯವರ ವಸ್ತು ಬೇಕಾದರೆ ಕೇಳಿ ತೆಗೆದುಕೊಳ್ಳುತ್ತೇವೆ, ವಾಪಸ್ ಕೊಡುತ್ತೇವೆ.
4. ಎಲ್ಲರನ್ನೂ ಅವರ ಹೆಸರಿನಿಂದಲೇ ಕರೆಯುತ್ತೇವೆ.
5. ಕೂತ ಜಾಗ ಸ್ವಚ್ಛ ಮಾಡಿ ಏಳುತ್ತೇವೆ.

"ಮಾಡಿ" ಅಂತ ಬರೆಯುವ ಬದಲು "ಮಾಡುತ್ತೇವೆ" ಅಂತ ಬರೆದಿರುವುದನ್ನು ಗಮನಿಸಿ. ಅದರಲ್ಲಿ ನೀವೂ ಸೇರಿದ್ದೀರಿ. ಮಕ್ಕಳ ಕೈಯಲ್ಲೇ ಬರೆಸಿ, ಎಲ್ಲರ ಸಹಿ ಹಾಕಿಸಿ, ಕೊನೆಗೆ ನಿಮ್ಮ ಸಹಿಯನ್ನೂ ಹಾಕಿ.

ಮನೆಮಾತು ಆಡಬಾರದು ಅನ್ನುವ ನಿಯಮ ಮಾತ್ರ ಸೇರಿಸಬೇಡಿ. ಇಂಗ್ಲಿಷ್ ಮಾಧ್ಯಮದ ಕೆಲವು ಶಾಲೆಗಳಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಾರೆ ಅಂತ ನಮಗೆ ನೋವಾಗುತ್ತದಲ್ವಾ? ಕನ್ನಡ ಶಾಲೆಯಲ್ಲಿ ಲಂಬಾಣಿ ಮಾತಾಡಿದ ಮಗುವಿಗೆ ಗದರಿದರೆ ಅದಕ್ಕೂ ಅಷ್ಟೇ ನೋವು.

ಹಂತ 4: ಅಭ್ಯಾಸ ಮಾಡಿಸಿ

ಹೆಚ್ಚಿನ ತರಗತಿಗಳಲ್ಲಿ ಈ ಹಂತವೇ ಇರುವುದಿಲ್ಲ. ನಿಯಮ ಓದಿ ಹೇಳಿ, ಮಾರನೇ ದಿನದಿಂದ ಮುರಿದವರನ್ನು ಹಿಡಿಯಲು ಶುರು ಮಾಡುತ್ತೇವೆ. ಕಲಿಸದೇ ಪರೀಕ್ಷೆ ಇಟ್ಟ ಹಾಗಾಯಿತು.

ನೋಟ್‌ಬುಕ್ ಕೊಡುವ ಕೆಲಸವನ್ನೇ ತೆಗೆದುಕೊಳ್ಳಿ. "ನೋಟ್‌ಬುಕ್ ತಂದುಕೊಡಿ" ಅಂದ ತಕ್ಷಣ ನಲವತ್ತು ಮಕ್ಕಳು ಒಟ್ಟಿಗೆ ಏಳುತ್ತಾರೆ. ಹಿಂದಿನವರು ಬೆಂಚ್ ಹತ್ತಿ ದಾಟುತ್ತಾರೆ. ಮೇಜಿನ ಮೇಲೆ ಗೋಪುರ ಎದ್ದು ಕುಸಿಯುತ್ತದೆ. ಕೆಳಗೆ ಬಿದ್ದ ಪುಸ್ತಕ ಯಾರದು ಅನ್ನುವುದಕ್ಕೆ ಇನ್ನೊಂದು ಜಗಳ. ನೀವು ಕೂಗುತ್ತೀರಿ, ಪೀರಿಯಡ್‌ನಲ್ಲಿ ಐದಾರು ನಿಮಿಷ ಹೋಯಿತು.

ಇದನ್ನೇ ಪಾಠ ಮಾಡಿ. ಮೊದಲು ನೀವು ಮಾಡಿ ತೋರಿಸಿ. ಯಾರೂ ಏಳುವುದಿಲ್ಲ. ಕೊನೆ ಬೆಂಚಿನವರು ತಿದ್ದಬೇಕಾದ ಪುಟ ತೆರೆದು ಮುಂದಿನ ಬೆಂಚಿಗೆ ಕೊಡುತ್ತಾರೆ. ಅವರು ತಮ್ಮದನ್ನೂ ಅದರ ಮೇಲೆ ಅದೇ ರೀತಿ ತೆರೆದಿಟ್ಟು ಮುಂದಕ್ಕೆ ದಾಟಿಸುತ್ತಾರೆ. ಸಾಲಿನ ಮೊದಲ ಬೆಂಚಿಗೆ ಬಂದಾಗ ಒಬ್ಬರು ಎದ್ದು ಮೇಜಿನ ಮೇಲೆ ಇಡುತ್ತಾರೆ. ಆಮೇಲೆ ಒಂದೇ ಸಾಲಿನವರಿಂದ ಮಾಡಿಸಿ, ಉಳಿದವರು ನೋಡಲಿ. ಏನು ಸರಿಯಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ನೋಡಿದವರೇ ಹೇಳಲಿ. ನಂತರ ಎಲ್ಲರೂ ಒಟ್ಟಿಗೆ. ನೀವು ಗಟ್ಟಿಯಾಗಿ ಎಣಿಸಿ. ಮೊದಲ ಸಲ ಎಂಬತ್ತು ಎಣಿಸುವಷ್ಟು ಹೊತ್ತು ಹಿಡಿದರೆ ಎರಡನೇ ಸಲ ಐವತ್ತಕ್ಕೆ ಬರುತ್ತದೆ. ಮಕ್ಕಳಿಗೆ ಇದು ಆಟ, "ಇನ್ನೊಂದ್ಸಲ ಮಿಸ್" ಅನ್ನುತ್ತಾರೆ.

ಹೀಗೆ ಕಲಿಸಬೇಕಾದ ಕೆಲಸಗಳು ಹೆಚ್ಚೇನಿಲ್ಲ: ಒಳಗೆ ಬಂದು ಕೂರುವುದು, ಗುಂಪು ಮಾಡಿಕೊಳ್ಳುವುದು, ನೋಟ್‌ಬುಕ್ ಕೊಡುವುದು, ಊಟಕ್ಕೆ ಸಾಲು ಹೋಗುವುದು, ಶಿಕ್ಷಕರು ಇಲ್ಲದಾಗ ಏನು ಮಾಡುವುದು. ದಿನಕ್ಕೆ ಒಂದರಂತೆ ಒಂದು ವಾರ ಸಾಕು. ಎರಡನೇ ವಾರ ಅವನ್ನೇ ಇನ್ನೊಮ್ಮೆ ಮಾಡಿಸಿ. ಆ ಎರಡು ವಾರ ಪಾಠ ಸ್ವಲ್ಪ ಹಿಂದೆ ಬೀಳುತ್ತದೆ, ನಿಜ. ಜುಲೈನಲ್ಲಿ ಅದನ್ನು ಸರಿದೂಗಿಸಿಕೊಳ್ಳಬಹುದು.

ಕೈ ಎತ್ತುವುದನ್ನೂ ಅಭ್ಯಾಸ ಮಾಡಿಸಬೇಕು. ಪ್ರಶ್ನೆ ಕೇಳಿದ ತಕ್ಷಣ "ಮಿಸ್ ಮಿಸ್ ನಾನ್ ಮಿಸ್" ಅಂತ ನಾಲ್ಕೈದು ಮಕ್ಕಳು ಎದ್ದು ನಿಲ್ಲುತ್ತಾರೆ. ಯೋಚನೆ ಮಾಡುತ್ತಿದ್ದ ಉಳಿದವರು ಅಲ್ಲೇ ಬಿಟ್ಟುಬಿಡುತ್ತಾರೆ. ಇಲ್ಲಿ ಬದಲಾಗಬೇಕಾದವರು ನಾವು. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ ವಿಷಯ ಇದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೆಸರು ಕರೆಯಿರಿ. ಕೂಗಿದವರಿಗೆ ಅವಕಾಶ ಸಿಗದಿದ್ದರೆ ಕೂಗುವುದು ತಾನಾಗಿ ನಿಲ್ಲುತ್ತದೆ.

ಹಂತ 5: ಕೂಗದೆ ಗಮನ ಸೆಳೆಯಿರಿ

ಡಸ್ಟರಿನಿಂದ ಮೇಜು ಕುಟ್ಟಿ "ಸೈಲೆನ್ಸ್!" ಅಂದರೆ ಅರ್ಧ ನಿಮಿಷ ಮೌನ ಸಿಗುತ್ತದೆ. ಅದರ ಬದಲು ಒಂದು ಸನ್ನೆ ಇಟ್ಟುಕೊಳ್ಳಿ. ನೀವು ಕೈ ಎತ್ತಿದರೆ ನೋಡಿದವರೂ ಕೈ ಎತ್ತಿ ಮಾತು ನಿಲ್ಲಿಸಬೇಕು. ಇಲ್ಲವೇ ನೀವು ಒಂದು ಲಯದಲ್ಲಿ ಚಪ್ಪಾಳೆ ತಟ್ಟಿದರೆ ಅವರೂ ಅದೇ ಲಯದಲ್ಲಿ ತಟ್ಟಬೇಕು. ಯಾವುದಾದರೂ ಒಂದು ಸಾಕು. ಎಲ್ಲರೂ ಸುಮ್ಮನಾಗುವ ತನಕ ಮಾತು ಶುರು ಮಾಡಬೇಡಿ. ಗಲಾಟೆ ಮೇಲೆ ಮಾತಾಡಿದರೆ ಗಲಾಟೆ ಮಾಡುತ್ತಲೇ ಕೇಳಬಹುದು ಅಂತ ನಾವೇ ಕಲಿಸಿದ ಹಾಗೆ.

ಇನ್ನು ಲೀಡರ್ ವಿಷಯ. ಶಿಕ್ಷಕರು ಇಲ್ಲದಾಗ ಲೀಡರ್ ಕರಿಹಲಗೆ ಮೇಲೆ "ಗಲಾಟೆ ಮಾಡಿದವರು" ಅಂತ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಗುಣಾಕಾರ ಚಿಹ್ನೆ, ಇನ್ನೊಮ್ಮೆ ಆದರೆ ಇನ್ನೊಂದು. ಇದನ್ನು ಬಿಟ್ಟುಬಿಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಲೀಡರಿನ ಗೆಳೆಯರ ಹೆಸರು ಬೇಗ ಅಳಿಸಿಹೋಗುತ್ತದೆ, ಆಗದವರ ಹೆಸರು ಉಳಿಯುತ್ತದೆ. ಹತ್ತು ವರ್ಷದ ಮಗುವಿಗೆ ಪೊಲೀಸ್ ಕೆಲಸ ಕೊಟ್ಟು ಗೆಳೆತನ ಕೆಡಿಸುತ್ತೇವೆ. ಬದಲಿಗೆ "ಮಿಸ್ ಇಲ್ಲದಾಗಿನ ಕೆಲಸ" ಅಂತ ಒಂದು ಡಬ್ಬಿ ಇಡಿ. ಅದರಲ್ಲಿ ಗಾದೆ ಚೀಟಿ, ಒಗಟು, ಬಾಯಿಲೆಕ್ಕ, ವಾಚನಾಲಯದ ಸಣ್ಣ ಪುಸ್ತಕಗಳು ಇರಲಿ. ಹಂಚುವುದಷ್ಟೇ ಲೀಡರ್ ಕೆಲಸ. ಲೀಡರ್ ಪ್ರತಿ ವಾರ ಬದಲಾಗಲಿ, ಹುಡುಗಿಯರೂ ಹಿಂದಿನ ಬೆಂಚಿನವರೂ ಬರಲಿ.

ಹಂತ 6: ಒಂದಕ್ಕೆ, ನೀರು, ತಡವಾಗಿ ಬರುವುದು

ಶೌಚಕ್ಕೆ ಹೋಗಲು ಬಿಡದಿರುವುದು ನಿಯಮವಲ್ಲ, ಹಿಂಸೆ. ಹತ್ತು ಹನ್ನೊಂದು ದಾಟಿದ ಹೆಣ್ಣುಮಕ್ಕಳು ಗಂಡು ಶಿಕ್ಷಕರ ಹತ್ತಿರ ಬಾಯಿಬಿಟ್ಟು ಕೇಳುವುದೇ ಇಲ್ಲ. ಬಾಗಿಲ ಪಕ್ಕ ಮೊಳೆಗೆ ಎರಡು ರಟ್ಟಿನ ಕಾರ್ಡ್ ನೇತುಹಾಕಿ. ಬೇಕಾದವರು ಕಾರ್ಡ್ ತೆಗೆದುಕೊಂಡು ಹೋಗಿ, ಬಂದು ಮತ್ತೆ ನೇತುಹಾಕಲಿ. ಕಾರ್ಡ್ ಇಲ್ಲದಿದ್ದರೆ ಯಾರೋ ಹೋಗಿದ್ದಾರೆ ಅಂತ ಅರ್ಥ. ತೀರಾ ಅರ್ಜೆಂಟ್ ಇದ್ದವರು ಕಾಯಬೇಕಿಲ್ಲ. ಕೇಳುವ ಮುಜುಗರವೂ ಇಲ್ಲ, ಪಾಠವೂ ನಿಲ್ಲುವುದಿಲ್ಲ. ನೀರಿನ ಬಾಟಲ್ ಬೆಂಚಿನ ಮೇಲೇ ಇರಲಿ.

ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸಬೇಡಿ. ಬೆಳಗಿನ ಬಸ್ ತಪ್ಪಿರಬಹುದು, ನೀರು ಬಂದಿರಬಹುದು, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬಂದಿರಬಹುದು. ಹಿಂದಿನಿಂದ ಸದ್ದಿಲ್ಲದೆ ಬಂದು ಕೂರುವುದು, ಪಕ್ಕದವರು ಪುಟ ತೋರಿಸುವುದು, ಇಷ್ಟನ್ನು ರೂಢಿ ಮಾಡಿಸಿ. ಕಾರಣವನ್ನು ಪೀರಿಯಡ್ ಮುಗಿದ ಮೇಲೆ ಒಬ್ಬರನ್ನೇ ಕರೆದು ಕೇಳಿ. ವಾರದಲ್ಲಿ ಮೂರ್ನಾಲ್ಕು ದಿನ ಹೀಗೇ ಆದರೆ ಮನೆಯವರ ಜೊತೆ ಮಾತಾಡಬೇಕು.

ಹಂತ 7: ನಿಯಮ ಮುರಿದಾಗ

ಮುರಿಯುತ್ತದೆ. ಅದಕ್ಕೆ ಮೊದಲೇ ಮೆಟ್ಟಿಲು ಹಾಕಿಟ್ಟುಕೊಳ್ಳಿ, ಮಕ್ಕಳಿಗೂ ತಿಳಿಸಿ.

ಮೊದಲು ಮಾತಿಲ್ಲದೆ. ಪಾಠ ಹೇಳುತ್ತಲೇ ಆ ಬೆಂಚಿನ ಪಕ್ಕ ಹೋಗಿ ನಿಲ್ಲಿ. ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ.

ನಿಲ್ಲದಿದ್ದರೆ ಮೆಲ್ಲಗೆ, ಆ ಮಗುವಿಗೆ ಮಾತ್ರ ಕೇಳುವಂತೆ: "ನಮ್ಮ ಮೊದಲನೇ ನಿಯಮ ಏನು ಹೇಳು?" ಅದು ಹೇಳಿದರೆ "ಸರಿ, ಮಾಡು" ಅಂದು ಮುಂದೆ ಹೋಗಿ. ಭಾಷಣ ಬೇಡ.

ಆಮೇಲೂ ಆದರೆ ಮಾಡಿದ್ದನ್ನು ಸರಿಪಡಿಸುವ ಕೆಲಸ ಕೊಡಿ. ನೀರು ಚೆಲ್ಲಿದರೆ ಒರೆಸುವುದು. ಇನ್ನೊಬ್ಬರ ಚಿತ್ರ ಹರಿದರೆ ಹೊಸ ಹಾಳೆ ತಂದು ಜೊತೆಗೆ ಕೂತು ಮಾಡಿಕೊಡುವುದು. ಪಕ್ಕದವರ ಜೊತೆ ಮಾತು ನಿಲ್ಲಿಸಲಾಗದಿದ್ದರೆ ಆ ಪೀರಿಯಡ್‌ಗೆ ಜಾಗ ಬದಲಾವಣೆ. ಮಾತಾಡಿದ್ದಕ್ಕೆ ನೂರು ಸಲ ಬರೆಸಿದರೆ ಬರೆಯುವುದೇ ಶಿಕ್ಷೆ ಅಂತ ಮಗು ಕಲಿಯುತ್ತದೆ. ಆಟದ ಪೀರಿಯಡ್ ಕಿತ್ತುಕೊಳ್ಳುವುದೂ ಬೇಡ. ಕೂರಲಾಗದ ಮಗುವಿಗೆ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ಆಟ.

ಅದೇ ಮಗು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರೆ ನಿಯಮ ಬಿಟ್ಟು ಮಗುವನ್ನು ನೋಡಿ. ಕಿವಿ ಸರಿಯಾಗಿ ಕೇಳುತ್ತಿದೆಯಾ? ಹಲಗೆ ಕಾಣುತ್ತಿದೆಯಾ? ಬೆಳಗ್ಗೆ ತಿಂಡಿ ತಿಂದಿದೆಯಾ? ಮನೆಯಲ್ಲಿ ಏನಾದರೂ ಆಗಿದೆಯಾ? ಮೈಮೇಲೆ ಗಾಯ ಕಂಡರೆ, ಮಗು ಮನೆಗೆ ಹೋಗಲು ಹೆದರಿದರೆ ಮುಖ್ಯ ಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇರುವುದು ಇದಕ್ಕೇ. ಆ ನಂಬರ್ ಗೋಡೆ ಮೇಲೆ ಮಕ್ಕಳಿಗೆ ಕಾಣುವ ಎತ್ತರದಲ್ಲಿ ಇರಲಿ.

ಒಂದೇ ಕಡೆ ಕೂರಲಾಗದ ಮಗುವಿಗೆ ಎದ್ದು ಓಡಾಡುವ ಕೆಲಸ ಕೊಡಿ. ಪುಸ್ತಕ ಹಂಚುವುದು, ಹಲಗೆ ಒರೆಸುವುದು. "ಅವನಿಗೆ ಮಾತ್ರ ಯಾಕೆ?" ಅಂತ ಬೇರೆಯವರು ಕೇಳಿದರೆ ಮುಚ್ಚುಮರೆ ಬೇಡ: "ಅವನಿಗೆ ಕೂತಿರೋದು ಕಷ್ಟ, ನಿನಗೆ ಲೆಕ್ಕ ಕಷ್ಟ. ಇಬ್ಬರಿಗೂ ಬೇಕಾದ ಸಹಾಯ ಮಾಡ್ತೀನಿ."

ಹಂತ 8: ಊಟ ಮತ್ತು ಕಸ

ಬಿಸಿಯೂಟದ ಸಾಲಿಗೆ ಕೈತೊಳೆಯುವ ಜಾಗದಿಂದಲೇ ಕ್ರಮ ಬೇಕು. ಚಿಕ್ಕ ತರಗತಿ ಮೊದಲು. ಜಾತಿ ನೋಡಿ, ಗಂಡು ಹೆಣ್ಣು ನೋಡಿ ಸಾಲು ಬೇರೆಯಾಗುತ್ತಿದೆಯಾ ಅಂತ ಕಣ್ಣಿಟ್ಟಿರಿ. ಮಕ್ಕಳು ಅದನ್ನು ಊರಿನಿಂದ ತರುತ್ತಾರೆ, ಶಾಲೆಯಲ್ಲಿ ಬಿಡಬೇಕು. ಹಾಜರಿ ಪಟ್ಟಿಯ ಕ್ರಮದಲ್ಲಿ ಕೂರಿಸಿದರೆ ಅದಕ್ಕೆ ಜಾಗವೇ ಇರುವುದಿಲ್ಲ. ನೀವೂ ಅದೇ ಸಾಲಿನಲ್ಲಿ ಕೂತು ಊಟ ಮಾಡಿ.

ಕಸ ಗುಡಿಸುವ ಪಾಳಿ ಎಲ್ಲರಿಗೂ ಬರಬೇಕು. ಹುಡುಗಿಯರು ಗುಡಿಸುವುದು, ಹುಡುಗರು ಬೆಂಚ್ ಎತ್ತುವುದು ಅನ್ನುವ ಹಳೇ ಹಂಚಿಕೆ ತೆಗೆದು ವಾರದ ಪಟ್ಟಿ ಬರೆಯಿರಿ. ಪಾಳಿಯ ಕೆಲಸವನ್ನು ಶಿಕ್ಷೆಯಾಗಿ ಯಾವತ್ತೂ ಕೊಡಬೇಡಿ.

ಹಂತ 9: ನಿಮಗೂ ನಿಯಮ

ಮಕ್ಕಳನ್ನು ಕೇಳಿ: "ನಾನು ಏನು ಮಾಡಬೇಕು?" ಮೊದಲು ನಾಚಿಕೊಳ್ಳುತ್ತಾರೆ. ಆಮೇಲೆ ಬರುತ್ತದೆ. ಪಾಠ ಮಾಡುವಾಗ ಫೋನ್ ನೋಡಬಾರದು. ಅರ್ಥ ಆಗದಿದ್ದರೆ ಇನ್ನೊಮ್ಮೆ ಹೇಳಬೇಕು. ಕೊಟ್ಟ ಹೋಂವರ್ಕ್ ನೋಡಬೇಕು. ಎಲ್ಲರ ಹೆಸರೂ ನೆನಪಿರಬೇಕು. ಮೂರು ನಾಲ್ಕನ್ನು ಒಪ್ಪಿಕೊಂಡು ಅವರ ನಿಯಮಗಳ ಪಕ್ಕದಲ್ಲೇ ಬರೆಯಿರಿ. ತಪ್ಪಿದರೆ ಮಕ್ಕಳು ನೆನಪಿಸಲಿ, "ಹೌದು, ಸರಿ ಹೇಳಿದೆ" ಅನ್ನಿ. ಇದರಿಂದ ಮರ್ಯಾದೆ ಹೋಗುವುದಿಲ್ಲ, ಜಾಸ್ತಿಯಾಗುತ್ತದೆ.

ಹಂತ 10: ಪೋಷಕರು, ಸಹೋದ್ಯೋಗಿಗಳು

ಮೊದಲ ಪೋಷಕರ ಸಭೆಯಲ್ಲಿ ನಿಯಮಗಳನ್ನು ಮಕ್ಕಳೇ ಓದಿ ವಿವರಿಸಲಿ. "ಎರಡು ಹೊಡೆದು ಬುದ್ಧಿ ಕಲಿಸಿ ಮೇಷ್ಟ್ರೇ" ಅನ್ನುವ ಅಪ್ಪಂದಿರು ಇದ್ದೇ ಇರುತ್ತಾರೆ. ಉತ್ತರ ಕರ್ನಾಟಕದ ಕಡೆ "ಅಕ್ಕೋರೆ, ನೀವ ಹೊಡದ ಹೇಳ್ರಿ" ಅನ್ನುವ ಅವ್ವಂದಿರೂ ಸಿಗುತ್ತಾರೆ. ಅವರು ಹೇಳುವುದು ಮಗುವಿನ ಮೇಲಿನ ಕಾಳಜಿಯಿಂದಲೇ. ಕಾನೂನು ಹೇಳಿ ಬಾಯಿ ಮುಚ್ಚಿಸುವ ಬದಲು ನೀವು ಏನು ಮಾಡುತ್ತೀರಿ ಅಂತ ತೋರಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಒಮ್ಮೆ ಇಡಿ. ಶೌಚಾಲಯದ ಬಾಗಿಲು, ಕೈತೊಳೆಯುವ ನಲ್ಲಿ ಸರಿಯಿಲ್ಲದೆ ಕೆಲವು ನಿಯಮ ನಿಲ್ಲುವುದೇ ಇಲ್ಲ, ಅದನ್ನು ಸರಿಮಾಡಿಸುವುದು ಅವರ ಕೈಯಲ್ಲಿದೆ.

ವಿಷಯ ಶಿಕ್ಷಕರು ಬದಲಾಗುವ ಆರರಿಂದ ಎಂಟನೇ ತರಗತಿಗಳಲ್ಲಿ ಸಹೋದ್ಯೋಗಿಗಳ ಒಪ್ಪಿಗೆ ಬಹಳ ಮುಖ್ಯ. ಗಣಿತದವರಿಗೆ ಒಂದು ನಿಯಮ, ಹಿಂದಿಯವರಿಗೆ ಇನ್ನೊಂದು ಅಂತಾದರೆ ಮಕ್ಕಳು ದಿನಕ್ಕೆ ಆರೇಳು ಸಲ ಬದಲಾಗಬೇಕು. ಐದೂ ಬೇಡ, ಗಮನ ಸೆಳೆಯುವ ಸನ್ನೆ ಮತ್ತು ಶೌಚದ ಕಾರ್ಡ್, ಇವೆರಡನ್ನು ಎಲ್ಲರೂ ಒಪ್ಪಿಕೊಂಡರೂ ಸಾಕು.

ಹಂತ 11: ದಸರಾ ರಜೆ ಮುಗಿದ ಮೇಲೆ

ರಜೆಯಿಂದ ಬಂದ ಮಕ್ಕಳು ಅರ್ಧ ಮರೆತಿರುತ್ತಾರೆ. ಮೊದಲ ಎರಡು ದಿನ ಎಲ್ಲವನ್ನೂ ಮತ್ತೆ ಅಭ್ಯಾಸ ಮಾಡಿಸಿ. ಒಂದು ಶನಿವಾರ ಬೆಳಗ್ಗೆ ಕೂತು ಐದನ್ನೂ ಓದಿ. ಯಾವುದು ಈಗ ಹೇಳದೇ ನಡೆಯುತ್ತಿದೆಯೋ ಅದನ್ನು ತೆಗೆದುಹಾಕಿ, ಹೊಸದು ಬೇಕಾದರೆ ಆ ಜಾಗಕ್ಕೆ ಸೇರಿಸಿ. ಯಾವ ನಿಯಮವನ್ನು ದಿನಾ ಮುರಿಯುತ್ತಿದ್ದಾರೋ ಅದರ ಮಾತು ಬದಲಿಸಬೇಕಾ, ಇಲ್ಲ ಮತ್ತೆ ಕಲಿಸಬೇಕಾ ಅಂತ ಮಕ್ಕಳ ಜೊತೆಯೇ ನೋಡಿ.

ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಟ್ಟಡ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು ವರ್ಷದ ಮಧ್ಯೆ ಬಂದು ಸೇರುತ್ತಾರೆ. ಅವರಿಗೆ ಚಾರ್ಟ್ ತೋರಿಸಿ ಓದು ಅನ್ನಬೇಡಿ. ಅದೇ ವಯಸ್ಸಿನ ಒಂದು ಮಗುವನ್ನು ಮೊದಲ ವಾರ ಜೊತೆಗೆ ಹಾಕಿ. ಕಾರ್ಡ್ ಎಲ್ಲಿ ನೇತುಹಾಕಬೇಕು, ತಟ್ಟೆ ಎಲ್ಲಿ ತೊಳೆಯಬೇಕು, ನೋಟ್‌ಬುಕ್ ಯಾವ ಕಡೆಯಿಂದ ದಾಟಿಸಬೇಕು, ಎಲ್ಲವನ್ನೂ ಆ ಮಗು ತೋರಿಸಲಿ. ಆ ವಾರ ಹೊಸಬರು ಏನೇ ತಪ್ಪು ಮಾಡಿದರೂ ಅದನ್ನು ತಪ್ಪು ಅಂತ ಎಣಿಸಬೇಡಿ.